ಅವ್ವ ಬಿಸಿಲು ಕಲಿತ ವರ್ಷ

ಹೋದ ತಿಂಗಳು ಚಿಕ್ಕಮ್ಮನ ಮಗಳ ಸೀಮಂತಕ್ಕೆಂದು ಹರಪನಹಳ್ಳಿಗೆ ಹೋಗಿದ್ದೆ. ಅರಿಸಿನ, ಕುಂಕುಮ, ಕೊಬ್ಬರಿ ತರಲು ನನ್ನನ್ನೇ ಗ್ರಂಥಿಗೆ ಅಂಗಡಿಗೆ ಕಳಿಸಿದರು. ಅಂಗಡಿಯವನು ನನ್ನ ಸಾಮಾನು ಕಟ್ಟುತ್ತಿರುವಾಗ ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಏನೋ ಕೇಳಿದರು. ಆತ ಹಿಂದಿನ ಸಾಲಿನಿಂದ ಡಬ್ಬಿಯೊಂದನ್ನು ಎಳೆದು ಮುಚ್ಚಳ ತೆಗೆದ. ಒಳಗೆ ಹೆಸರುಕಾಳಿಗಿಂತ ಸಣ್ಣ ಕಪ್ಪು ಬೀಜ. ಅದರ ಘಾಟು ಮೂಗಿಗೆ ಬಡಿದದ್ದೇ ಗುರುತು ಸಿಕ್ಕಿತು. ಬಾವಂಚಿ.

"ಯಜ್ಜಾ, ಅದನ್ನ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬ್ಯಾಡ್ರಿ," ಅಂದೆ, ಪರಿಚಯವೂ ಇಲ್ಲದವರಿಗೆ.

"ತಲಿ ಎಣ್ಣಿಗೆ ಹಾಕಾಕ ಒಯ್ಯಾಕತ್ತೀನವ್ವ," ಎಂದು ಅವರು ನಕ್ಕರು. "ನನಗಿನ್ನೆಲ್ಲಿ ಬಿಸಿಲು?"

ಸಾಮಾನು ತೆಗೆದುಕೊಂಡು ಹೊರಗೆ ಬಂದೆ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಎಲ್ಲರೂ ಗೋಡೆಯ ಪಕ್ಕದ ನೆರಳು ಹಿಡಿದು ನಡೆಯುತ್ತಿದ್ದರು. ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತು, ಕೈ ಚಾಚಿ, ನನ್ನ ಅಂಗೈ ಮೇಲೆ ಬೀಳುತ್ತಿದ್ದ ಬಿಸಿಲನ್ನು ನೋಡಿದೆ. ಒಂದು ವರ್ಷ ಇದೇ ಬಿಸಿಲು ನಮ್ಮ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಇತ್ತು.

ಕೊರೊನಾದ ಗಲಾಟೆ ಅಡಗಿ ಖಾನಾವಳಿಗಳು ಮತ್ತೆ ಬಾಗಿಲು ತೆರೆದ ಮರುವರ್ಷ ಅದು. ನಾನು ಕೊಟ್ಟೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಮೇಲೆ ಮಾಳಿಗೆ, ಹಿಂದೆ ಒಂದು ಕೋಣೆ, ಅದಕ್ಕೆ ಹತ್ತಿ ಕಟ್ಟಿಗೆ ಕೋಣೆ, ಅದರಾಚೆ ಹಿತ್ತಿಲು. ಒಲೆ ಮಾತ್ರ ಮುಂದೆ, ಬಾಗಿಲ ಪಕ್ಕದಲ್ಲೇ. ಅವ್ವ ಅಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈಯ ಪಟಪಟ ಸದ್ದು ಕೇಳಿಯೇ ಬಸ್ಸಿಳಿದವರು ನಮ್ಮ ಕಡೆ ತಿರುಗುತ್ತಿದ್ದರು. ಅಪ್ಪನಿಗೆ ಬೋರ್ಡು ಬರೆಸುವ ಅಗತ್ಯವೇ ಬಿದ್ದಿರಲಿಲ್ಲ.

ಆ ದೀಪಾವಳಿಯ ಹೊತ್ತಿಗೆ ಅವ್ವನ ಎಡಗಣ್ಣಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಬಿಳುಪು ಕಂಡಿತು. ಸುಣ್ಣ ಹತ್ತಿರಬೇಕು ಎಂದು ನಾನು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಬೆರಳ ತುದಿಗಳು ಬೆಳ್ಳಗಾದವು, ಆಮೇಲೆ ಕೈಯ ಹಿಂಬದಿ, ಆಮೇಲೆ ಮೊಣಕೈವರೆಗೆ ನಕ್ಷೆಯ ಹಾಗೆ ತುಂಡುತುಂಡು. ಅವ್ವ ಕಪ್ಪು ಹೆಂಗಸು. ಕಪ್ಪಿನ ಮೇಲೆ ಬಿಳುಪು ದೂರದಿಂದಲೇ ಕಾಣುತ್ತಿತ್ತು.

ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. "ಇವತ್ತು ರೊಟ್ಟಿ ಬ್ಯಾಡ್ರಿ, ಅನ್ನ ಅಷ್ಟ ಹಾಕ್ರಿ," ಅನ್ನುವವರು ಹೆಚ್ಚಾದರು. ದಿನಾ ಬರುತ್ತಿದ್ದ ಇಬ್ಬರು ಬ್ಯಾಂಕಿನವರು ಎದುರು ಸಾಲಿನ ಹೋಟೆಲಿಗೆ ಹೋಗತೊಡಗಿದರು. ನಮ್ಮ ಬಾಗಿಲು ದಾಟುವಾಗ ಮೊಬೈಲು ನೋಡಿಕೊಂಡು ನಡೆಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವಾಗ ಅಪ್ಪ ಒಲೆಯನ್ನು ಕಿತ್ತು ಹಿಂದಿನ ಕೋಣೆಗೆ ಸಾಗಿಸುತ್ತಿದ್ದ.

"ಯಾಕಪ್ಪಾ?"

"ಹೊಗಿ ಭಾಳ ಆಗ್ತೈತಿ ಮುಂದ," ಅಂದ. ನನ್ನ ಮುಖ ನೋಡಲಿಲ್ಲ.

ಅವ್ವ ಹಿಂದೆ ಹೋಗಿ ಕೂತು, ಹಿಟ್ಟು ನಾದಿದಳು. ಅಂದಿನಿಂದ ರೊಟ್ಟಿಯ ಸದ್ದು ಬೀದಿಗೆ ಕೇಳುವುದು ನಿಂತಿತು.

ನಮಗೆ ಹಾಲು ಹಾಕುತ್ತಿದ್ದವಳು ಕೊಟ್ರಮ್ಮ, ಹಿತ್ತಿಲಾಚೆಯ ಮನೆಯವಳು. ಅವ್ವನಿಗಿಂತ ಎರಡು ಮೂರು ವರ್ಷ ಚಿಕ್ಕವಳು, ಅವ್ವನನ್ನು ಅಕ್ಕ ಅನ್ನುತ್ತಿದ್ದಳು. ಅವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಗೌರಿ ಎಂಬ ಒಂದು ಸೀಮೆ ಆಕಳು ಇತ್ತು, ಕಪ್ಪು ಬಿಳುಪಿನ ದೊಡ್ಡ ಪಟ್ಟೆಗಳದು. ಊರೆಲ್ಲ ಅವ್ವನ ಕೈ ನೋಡಿ ಸುಮ್ಮನಾದರೆ ಕೊಟ್ರಮ್ಮ ಮಾತ್ರ ಆ ಕೈ ಹಿಡಿದು, ತಿರುಗಿಸಿ ನೋಡಿ, "ಇದು ತೊನ್ನು ಅಕ್ಕ. ಕಾನಹೊಸಹಳ್ಳ್ಯಾಗ ನಮ್ಮ ಅತ್ತಿಗಿ ಊರವರೊಬ್ಬರಿಗೆ ಆಗಿತ್ತು. ಬಾವಂಚಿ ಅರದು ಹಚ್ಚಿ ಬಿಸಿಲಿಗೆ ಕುಂತ್ರು, ಹೋತು," ಅಂದಳು. ಮರುದಿನವೇ ಒಂದು ಪುಡಿಕೆ ಬೀಜ ತಂದುಕೊಟ್ಟಳು.

ಶಿವರಾತ್ರಿಯಿಂದ ಅವ್ವ ಶುರುಮಾಡಿದಳು. ಬೀಜ ಅರೆದು ಕೈಗೆ ಹಚ್ಚಿಕೊಂಡು, ಬೆಳಗಿನ ಎಳೆಬಿಸಿಲಿಗೆ ಮಾಳಿಗೆ ಮೇಲೆ ಕೂತು, ಒಂದು ಮೊರ ಜೋಳ ಹಸನು ಮಾಡುವಷ್ಟು ಹೊತ್ತು ಇದ್ದು ಇಳಿದು ಬರುತ್ತಿದ್ದಳು. ಮನೆ ತುಂಬ ಆ ಘಾಟು. ಬಿಳುಪಿನ ಜಾಗ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು, ಸಂಜೆಗೆ ತಣ್ಣಗಾಗುತ್ತಿತ್ತು. ಅವ್ವನಿಗೆ ನಂಬಿಕೆ ಬಂತು. ನಂಬಿಕೆಯ ಜೊತೆ ಅವಸರವೂ ಬಂತು.

ಬೇಸಿಗೆ ಏರಿತು. ಆಗ ಕಾಲೇಜಿನಲ್ಲಿ ಒಂದು ದಿನ ನಮ್ಮ ಫಿಸಿಕ್ಸ್ ಸರ್ ಎಲ್ಲರನ್ನೂ ಅಂಗಳಕ್ಕೆ ಕರೆದರು. ಅಂಗಳದ ನಡುವೆ ಒಂದು ಕಬ್ಬಿಣದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದ್ದರು. "ಇವತ್ತು ಸೂರ್ಯ ನಮ್ಮ ನೆತ್ತಿ ಮ್ಯಾಲ ಸರಿಯಾಗಿ ಬರ್ತಾನ. ವರ್ಷದಾಗ ಎರಡು ಸಲ ಅಷ್ಟ. ಇನ್ನೊಂದು ಸಲ ಮಳೆಗಾಲದಾಗ, ಮೋಡ ಇದ್ರ ಕಾಣಂಗಿಲ್ಲ. ಹಂಗಾಗಿ ಈಗ ನೋಡ್ರಿ," ಅಂದರು.

ನಾವು ನಗುತ್ತಾ ನಿಂತಿದ್ದೆವು. ಕೊಳವೆಯ ನೆರಳು ಗೇಣುದ್ದ ಇದ್ದದ್ದು ಬೆರಳುದ್ದವಾಯಿತು. ಬೆರಳುದ್ದ ಇದ್ದದ್ದು ಉಗುರಿನಷ್ಟಾಯಿತು. ಆಮೇಲೆ ನೋಡನೋಡುತ್ತಿದ್ದಂತೆ ಕೊಳವೆಯ ಅಡಿಗೆ ಹೋಗಿ ಸೇರಿಬಿಟ್ಟಿತು. ಕೊಳವೆ ಇದೆ, ಬಿಸಿಲು ಇದೆ, ನೆರಳಿಲ್ಲ. ನಗುತ್ತಿದ್ದವರೆಲ್ಲ ತಂತಮ್ಮ ಕಾಲ ಬುಡ ನೋಡಿಕೊಂಡೆವು. ನನ್ನ ನೆರಳು ಎಲ್ಲಿ ಎಂದು ಹುಡುಕಿದೆ. ಅದು ನನ್ನ ಚಪ್ಪಲಿಯ ಸುತ್ತ ಚೂರೇಚೂರು ಚೆಲ್ಲಿದ ನೀರಿನ ಹಾಗೆ ಬಿದ್ದಿತ್ತು. ದಿನಾ ನೋಡುವ ಸೂರ್ಯನಿಗೆ ಇಂಥದ್ದೊಂದು ಲೆಕ್ಕವಿದೆ, ಅವನು ನಮ್ಮ ಊರಿನ ಮೇಲೆ, ಬೇರೆ ಎಲ್ಲೂ ಅಲ್ಲ, ನಮ್ಮ ನೆತ್ತಿಯ ಮೇಲೇ ಬಂದು ನಿಲ್ಲುವ ಗಳಿಗೆ ಇದೆ ಎಂದು ಯೋಚಿಸಿ ಮೈ ಜುಮ್ಮೆಂದಿತು. ಅದನ್ನು ಅವ್ವನಿಗೆ ಹೇಳಬೇಕೆಂದು ಓಡುತ್ತಲೇ ಮನೆಗೆ ಬಂದೆ.

ಅವ್ವ ಮಾಳಿಗೆ ಮೇಲಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಬಾವಂಚಿ ಬಳಿದುಕೊಂಡು, ಸುಣ್ಣ ಬಳಿದ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಮೊರ. ಹಸನು ಮಾಡಿದ ಜೋಳದ ಗುಡ್ಡೆ.

"ಈ ಹೊತ್ತಿನ್ಯಾಗ ಯಾಕ ಕುಂತಿಯವ್ವ?"

"ಬೆಳಿಗ್ಗಿ ಬಿಸಿಲು ಸಾಲವಲ್ದು ಮಗಳ. ಜೋರು ಬಿದ್ರ ಲಗೂನ ಹೋಗ್ತೈತಿ," ಅಂದಳು. ಕೈ ತಿರುಗಿಸಿ ತೋರಿಸಿದಳು. "ನೋಡು, ಏನರ ಆಗೇತೇನು? ದಿನಾ ಕುಂತಷ್ಟ ಹೊತ್ತು ಕುಂತೀನಿ."

ನಿಜವಾಗಿ ಏನೂ ಆಗಿರಲಿಲ್ಲ. ಆ ದಿನ ಏನೂ ಆಗಲಿಲ್ಲ. ಅವ್ವ ಸಂಜೆ ಹಾಡು ಗುನುಗುತ್ತಾ ಬದನೆಕಾಯಿ ಸೀಳುತ್ತಿದ್ದಳು. ಮರುದಿನ ಬಿಳುಪಿನ ಜಾಗವೆಲ್ಲ ಕೆಂಪಾಯಿತು. ಅದರ ಮರುದಿನ ಬೊಬ್ಬೆ ಎದ್ದವು, ನೀರು ತುಂಬಿದ ದೊಡ್ಡ ದೊಡ್ಡ ಬೊಬ್ಬೆ. ಹಂಚಿಗೆ ಕೈ ಇಟ್ಟಿದ್ದರೂ ಹಾಗೆ ಸುಡುತ್ತಿರಲಿಲ್ಲ. ಆಶ್ಚರ್ಯವೆಂದರೆ ಅದೇ ಕೈಯ ಕಪ್ಪು ಚರ್ಮ ಕೆಂಪಾಗಿದ್ದು ಅಷ್ಟಕ್ಕಷ್ಟೆ. ಸುಟ್ಟದ್ದು ಬಿಳಿಯ ಜಾಗ. ಗೆರೆ ಎಳೆದ ಹಾಗೆ.

ಊರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ಚರ್ಮದ ಡಾಕ್ಟರಿಗೆ ತೋರಿಸಿರಿ ಎಂದರು. ಬೆಳಗಿನ ರೈಲು ಹಿಡಿದು ಮೂವರೂ ಹೊಸಪೇಟೆಗೆ ಹೊರಟೆವು. ಅಪ್ಪ ಕಿಟಕಿಯ ಬಿಸಿಲು ಅವ್ವನ ಮೇಲೆ ಬೀಳದ ಹಾಗೆ ತನ್ನ ಟವೆಲ್ಲನ್ನು ಸರಳುಗಳಿಗೆ ಕಟ್ಟಿದ. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಬಿಸಿಲು ಆ ಕಡೆಯ ಕಿಟಕಿಗೆ ಬಂತು. ಎದ್ದು ಟವೆಲ್ಲು ಬಿಚ್ಚಿ ಆ ಕಡೆ ಕಟ್ಟಿದ.

ಡಾಕ್ಟರಮ್ಮ ಬಯ್ಯುತ್ತಾರೆಂದು ನಾವು ಹೆದರಿದ್ದೆವು. ಅವರು ಪಟ್ಟಿ ಬಿಚ್ಚಿ ನೋಡಿ, ಏನು ಹಚ್ಚಿದಿರಿ ಎಂದು ಕೇಳಿ, ಬಾವಂಚಿ ಎಂದ ಕೂಡಲೇ ತಲೆಯಾಡಿಸಿ, ಎಲ್ಲಿ, ಎಷ್ಟು ಹೊತ್ತು ಕೂತದ್ದೆಂದು ಅವ್ವನಿಂದಲೇ ಹೇಳಿಸಿಕೊಂಡರು.

"ಗಿಡ ಸರಿ ಐತ್ರಿ. ನಾವು ಕೊಡೋ ಗುಳಿಗಿನೂ ಅದ ಗಿಡದ ಸಾರ ಹಿಡದು ಬಂದದ್ದ. ಆದ್ರ ಅರಿಯೋ ಕಲ್ಲಿಗೆ ಅಳತಿ ಗೊತ್ತಿಲ್ಲ. ಆ ಸಾರ ಒಂದ ಇದ್ರ ಏನೂ ಮಾಡಂಗಿಲ್ಲ. ಅದರ ಮ್ಯಾಲ ಬಿಸಿಲು ಬಿದ್ರ ಕೆಲಸ ಶುರು. ಬಿಸಿಲಿನೊಳಗ ನಮ್ಮ ಕಣ್ಣಿಗೆ ಕಾಣದ ಒಂದು ಕಿರಣ ಐತಿ, ನೇರಳಾತೀತ ಅಂತೀವಿ. ಶಿವರಾತ್ರಿ ಬೆಳಗಿನ ಬಿಸಿಲಿನ್ಯಾಗ ಅದು ಎಷ್ಟಿರತೈತಿ, ನೆತ್ತಿ ಮ್ಯಾಲ ಸೂರ್ಯ ಬಂದಾಗ ಎಷ್ಟಿರತೈತಿ! ನೀವು ಎರಡಕ್ಕೂ ಒಂದ ಮೊರ ಜೋಳ ಹಿಡಿದ್ರಿ. ಮ್ಯಾಲ ಸುಣ್ಣದ ಗ್ವಾಡಿಯಿಂದ ಬ್ಯಾರೆ ಹೊಳ್ಳಿ ಬಂದು ಬಡದೈತಿ."

ಅವ್ವ ಕಣ್ಣರಳಿಸಿ ಕೇಳುತ್ತಿದ್ದಳು. ನೋವು ಮರೆತಿದ್ದಳೇನೋ. "ಕಾಣದಂಥಾ ಬಿಸಿಲು ಇರ್ತೈತೇನ್ರಿ?" ಅಂದಳು.

"ಇರ್ತೈತ್ರಿ. ಸುಟ್ಟದ್ದೂ ಅದ, ಬಣ್ಣ ತರೂದೂ ಅದ."

ಆಗ ಅಪ್ಪ ಬಾಯಿಬಿಟ್ಟ. "ಮೇಡಂ, ನಮ್ಮದು ಖಾನಾವಳಿ. ಉಣ್ಣಾಕ ಬರೋ ಮಂದಿಗೆ ಇದು ಹತ್ತಂಗಿಲ್ಲೇನ್ರಿ?"

ಡಾಕ್ಟರಮ್ಮ ಉತ್ತರ ಹೇಳುವ ಮೊದಲು ತಮ್ಮ ಕೈಗವಸು ತೆಗೆದು ಮೇಜಿನ ಮೇಲಿಟ್ಟರು. ಬರಿಗೈಯಲ್ಲಿ ಅವ್ವನ ಬಿಳಿಯ ಬೆರಳುಗಳನ್ನು ಹಿಡಿದುಕೊಂಡರು. "ಹತ್ತೂ ರೋಗ ಅಲ್ರಿ ಇದು. ಹತ್ತೂದಾಗಿದ್ರ ಮೊದಲು ನನಗ ಹತ್ತಬೇಕಿತ್ತು. ಅದಕ್ಕಿಂತ ಮೊದಲು ನಿಮಗ."

ಅಪ್ಪ ತಲೆ ತಗ್ಗಿಸಿದ. ಗಾಯ ಪೂರ್ತಿ ಮಾಯುವವರೆಗೆ ಬಿಸಿಲಿನ ಮುಖ ನೋಡಬಾರದು, ಆಮೇಲೆ ಬನ್ನಿ, ಅಳತೆ ಮಾಡಿ ಶುರುಮಾಡೋಣ ಎಂದು ಹೇಳಿ ಕಳಿಸಿದರು.

ಕೊಟ್ರಮ್ಮ ಅವ್ವನ ಕೈ ನೋಡಿ ಅತ್ತುಬಿಟ್ಟಳು. ಹಾಲು ಹಾಕಲು ಬಂದರೂ ಒಳಗೆ ಬರುತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲೇ ಪಾತ್ರೆ ಇಟ್ಟು ಹೋಗುತ್ತಿದ್ದಳು. ಹೀಗೆ ಇರುವಾಗ ಒಂದು ದಿನ ಹಾಲು ಬರಲಿಲ್ಲ. ಮಧ್ಯಾಹ್ನ ಹಿತ್ತಿಲ ಕಡೆಯಿಂದ ಅವಳ ಕೂಗು ಕೇಳಿತು. "ಅಕ್ಕಾ! ಗೌರಿನ್ನ ನೋಡ ಬಾರಕ್ಕಾ!"

ತಲೆ ಮೇಲೆ ಕೌದಿ ಹೊದ್ದು ಅವ್ವ ಓಡಿದಳು, ಹಿಂದೆ ನಾನು. ಗೌರಿ ತಗಡಿನ ಚಪ್ಪರದ ಕೆಳಗೆ ತಲೆ ಜೋಲು ಹಾಕಿ ನಿಂತಿತ್ತು. ಕಣ್ಣು ಅರಿಸಿನ ಬಳಿದಂತೆ ಹಳದಿ. ಮೈಯ ಬಿಳಿ ಪಟ್ಟೆಗಳೆಲ್ಲ ಉಬ್ಬಿ, ಬಿರಿದು, ಒಣಗಿದ ಚರ್ಮದ ಚಪ್ಪಲಿಯಂತೆ ಅಂಚು ಮೇಲೆದ್ದಿದ್ದವು. ಅದಕ್ಕೆ ಹತ್ತಿಕೊಂಡೇ ಇದ್ದ ಕಪ್ಪು ಪಟ್ಟೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು, ಒಂದು ಕೂದಲೂ ಕೊಂಕಿರಲಿಲ್ಲ. ನಾನು ಬೆರಳಿನಿಂದ ಗೆರೆ ಹಿಡಿದು ಹೋದೆ: ಈ ಕಡೆ ಸುಟ್ಟದ್ದು, ಆ ಕಡೆ ನೆಟ್ಟಗಿದ್ದದ್ದು. ನನ್ನ ಪಕ್ಕದಲ್ಲಿ ಅವ್ವ ತನ್ನ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಒಬ್ಬ ಹೆಂಗಸಿನ ಕೈ ಮೇಲೆ ಆದದ್ದು ಒಂದು ಆಕಳ ಮೈಯೆಲ್ಲ ಆಗಿತ್ತು.

"ನಿನ್ನ ಕೈ ಸುಟ್ಟ ಪಾಪ ನನ್ನ ಗೌರಿಗೆ ತಟ್ಟೇತಿ ಅಕ್ಕ," ಎಂದು ಕೊಟ್ರಮ್ಮ ನೆಲಕ್ಕೆ ಕುಸಿದಳು. "ಮೂರು ತಿಂಗಳ ಗಬ್ಬ ಐತಿ. ಹೊಟ್ಟ್ಯಾಗಿಂದೂ ಹೋಗ್ತೈತಿ."

"ಹುಚ್ಚಿ, ಏಳು ಮ್ಯಾಲ. ನನ್ನ ಕೈ ನಾನ ಸುಟ್ಟುಕೊಂಡೀನಿ. ಮೊದಲು ಡಾಕ್ಟರನ್ನ ಕರಿಸು," ಅಂದಳು ಅವ್ವ.

ದನದ ಡಾಕ್ಟರು ಬಂದು ಆಕಳು ಎಲ್ಲಿ ಮೇಯ್ದಿತ್ತು ಎಂದು ಕೇಳಿದರು. ಬೇಸಿಗೆಯಲ್ಲಿ ಹಸಿರು ಸಿಗದೆ ಕೊಟ್ರಮ್ಮ ಅದನ್ನು ಊರಾಚೆಯ ಬೇಲಿ ಸಾಲಿಗೆ ಬಿಟ್ಟಿದ್ದಳು. ಅಲ್ಲಿ ಲಾಂಟಾನ ಇತ್ತು, ಒಂದೇ ಗೊಂಚಲಲ್ಲಿ ಹಳದಿ, ಕೇಸರಿ, ಗುಲಾಬಿ ಹೂ ಬಿಡುವ ಬೇಲಿಯ ಗಿಡ. ಅದನ್ನು ತಿಂದರೆ ಪಿತ್ತಜನಕಾಂಗ ಕೆಡುತ್ತದೆ. ಹುಲ್ಲಿನ ಹಸಿರಿನಿಂದ ಹುಟ್ಟಿ ಮೈಯಿಂದ ಹೊರಗೆ ಹೋಗಬೇಕಾದ ವಸ್ತು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಹೀಗೆ ಸುಡುತ್ತದೆ ಎಂದು ಬಿಡಿಸಿ ಹೇಳಿದರು. "ಕಪ್ಪು ಇದ್ದಲ್ಲಿ ಬಿಸಿಲು ಒಳಗ ಇಳಿಯಂಗಿಲ್ಲ. ಅದಕ್ಕ ಅದು ಉಳದೈತಿ. ಔಷಧಿ ನಾನು ಕೊಡ್ತೀನಿ, ಆದ್ರ ಇದನ್ನ ಕತ್ತಲ್ಯಾಗ ಇಡ್ರಿ. ಈ ತಗಡಿನ ಕೆಳಗ ಎರಡು ಕಡಿಂದ ಬಿಸಿಲು ಬರ್ತೈತಿ. ಕಣ್ಣಿನ ಹಳದಿ ಇಳಿದ್ರ ಉಳೀತೈತಿ."

ಕೊಟ್ರಮ್ಮನಿಗೆ ಬೇರೆ ಕೊಟ್ಟಿಗೆ ಇರಲಿಲ್ಲ. ಅವ್ವ ಅಷ್ಟರಲ್ಲಿ ಬಂದು ನಿಂತಿದ್ದ ಅಪ್ಪನ ಕಡೆ ನೋಡಿದಳು. ಅಪ್ಪ ಒಂದು ಕ್ಷಣವೂ ನಿಲ್ಲದೆ ಕಟ್ಟಿಗೆ ಕೋಣೆಯ ಕಟ್ಟಿಗೆಯನ್ನೆಲ್ಲ ಹಿತ್ತಿಲಿಗೆ ಎಸೆಯತೊಡಗಿದ. ನಾಲ್ಕು ಜನ ಸೇರಿ, ಗೋಣಿತಟ್ಟು ಹೊದಿಸಿ, ಗೌರಿಯನ್ನು ಹಿತ್ತಿಲು ದಾಟಿಸಿ ಒಳಗೆ ತಂದೆವು.

ಆ ಬೇಸಿಗೆಯ ಉಳಿದ ದಿನಗಳನ್ನು ಅವ್ವ ಮತ್ತು ಗೌರಿ ಒಂದೇ ಕೋಣೆಯಲ್ಲಿ ಕಳೆದರು. ಇಬ್ಬರಿಗೂ ಬಿಸಿಲು ನಿಷಿದ್ಧ. ಹೊರಗೆ ಊರು ಕಾದ ಹಂಚಾಗಿರುತ್ತಿತ್ತು. ಒಳಗೆ ಕತ್ತಲು, ಸಗಣಿಯ ವಾಸನೆ, ಗೌರಿಯ ಬಿಸಿ ಉಸಿರು. ನಾನು ಪರೀಕ್ಷೆಗೆ ಓದುತ್ತಾ ಬಾಗಿಲ ಹತ್ತಿರ ಕೂರುತ್ತಿದ್ದೆ. ಕೊಟ್ರಮ್ಮ ಬಂದು ಗೌರಿಗೆ ಇದ್ದಿಲ ಪುಡಿ ಕಲಸಿದ ಔಷಧಿ ಕುಡಿಸಿ, ಬೇವಿನೆಣ್ಣೆಯಲ್ಲಿ ಗಾಯ ಒರೆಸಿ ಹೋಗುತ್ತಿದ್ದಳು. ಮೇಲಿನ ಹಂಚೊಂದು ಒಡೆದಿತ್ತು. ಅಲ್ಲಿಂದ ಬಿಸಿಲಿನ ಒಂದು ಬಿಲ್ಲೆ ನೆಲದ ಮೇಲೆ ಬಿದ್ದು ಗೋಡೆಯ ಕಡೆಗೆ ಸರಿಯುತ್ತಿತ್ತು. ಅದು ಗೌರಿಯ ಬೆನ್ನಿನ ಹತ್ತಿರ ಬಂದಾಗ ಆಕಳು ತಾನೇ ಹೆಜ್ಜೆ ಸರಿಸಿ ನಿಲ್ಲುತ್ತಿತ್ತು. ಅವ್ವನ ಹತ್ತಿರ ಬಂದಾಗ ಅವ್ವ ಮಣೆ ಎಳೆದುಕೊಳ್ಳುತ್ತಿದ್ದಳು.

"ಅಷ್ಟು ದೂರದಿಂದ ಬಂದು ಇಲ್ಲಿ ಒಂದು ತೂತು ಹುಡುಕ್ಯೈತಿ ನೋಡು," ಅಂದಳು ಒಂದು ಸಲ, ಆ ಬಿಲ್ಲೆಯನ್ನೇ ನೋಡುತ್ತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾವು ಹುಟ್ಟಿದಾಗಿಂದ ಅದರ ಕೆಳಗ ಅದೀವಿ. ಅದು ಏನಂತ ಒಂದಿನ ಯಾರೂ ಕೇಳಲಿಲ್ಲ."

ಮೊದಲ ದೊಡ್ಡ ಮಳೆ ಬಿದ್ದ ವಾರ ಗೌರಿಯ ಕಣ್ಣು ತಿಳಿಯಾಯಿತು. ಸತ್ತ ಚರ್ಮ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಿತ್ತು, ಕೆಳಗೆ ಎಳೆಗುಲಾಬಿ ಚರ್ಮ ಬಂದಿತ್ತು. ಹೊಟ್ಟೆಯ ಕರು ಉಳಿದಿದೆ ಎಂದು ಡಾಕ್ಟರು ಕೈ ಹಾಕಿ ನೋಡಿ ಹೇಳಿದಾಗ ಕೊಟ್ರಮ್ಮ ಅವ್ವನ ಕಾಲು ಹಿಡಿಯಲು ಬಗ್ಗಿದಳು. ಅವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

ಅವ್ವನ ಕೈಯೂ ಮಾದಿತ್ತು. ಮತ್ತೆ ಹೊಸಪೇಟೆಗೆ ಹೋದೆವು. ಡಾಕ್ಟರಮ್ಮ ಗುಳಿಗೆ ಕೊಟ್ಟರು. ದಿನ ಬಿಟ್ಟು ದಿನ ಊಟವಾದ ಮೇಲೆ ನುಂಗಬೇಕು, ಎರಡು ತಾಸಿನ ನಂತರ ಬಿಸಿಲಿಗೆ ಹೋಗಬೇಕು, ಅದೂ ಕೆಲವೇ ನಿಮಿಷ. ಚರ್ಮ ಹೇಗೆ ತಡೆಯುತ್ತದೆ ನೋಡಿಕೊಂಡು ನಿಧಾನಕ್ಕೆ ಏರಿಸಬೇಕು. ಗುಳಿಗೆ ನುಂಗಿದ ದಿನ ಬೆಳಗಿನಿಂದ ಸಂಜೆವರೆಗೆ ಕಪ್ಪು ಕನ್ನಡಕ ತೆಗೆಯುವಂತಿಲ್ಲ. "ಮೋಡ ಐತಿ ಅಂತ ನಂಬಬ್ಯಾಡ್ರಿ," ಅಂದರು. "ತೆಳು ಮೋಡ ಬೆಳಕು ಹಿಡೀತೈತಿ, ಆ ಕಾಣದ ಕಿರಣಾನ ಪೂರಾ ಹಿಡಿಯಂಗಿಲ್ಲ. ದಟ್ಟ ಮೋಡ ಇದ್ದ ದಿನ ಬಿಟ್ಟುಬಿಡ್ರಿ."

ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ನೋಡಿ ಅಪ್ಪ ಎಷ್ಟೋ ತಿಂಗಳ ಮೇಲೆ ನಕ್ಕ. "ಸಿನಿಮಾದವರು ಬಂದಂಗಾತು ನಮ್ಮ ಮನಿಗೆ," ಅಂದ.

"ಸುಮ್ಮನಿರ್ರಿ. ಹಿಟ್ಟು ಯಾವುದು, ಹಂಚು ಯಾವುದು ತಿಳೀವಲ್ದು ನನಗ," ಎಂದು ಅವ್ವ ಅಂದಳು. ಆದರೆ ಅವಳೂ ನಕ್ಕಿದ್ದಳು.

ಕೈಗಡಿಯಾರ ಕಟ್ಟಿಕೊಂಡು ನಾನು ಅವಳ ಜೊತೆ ಮಾಳಿಗೆಗೆ ಹೋಗುತ್ತಿದ್ದೆ. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಆ ಮಳೆಗಾಲ ಮಾಳಿಗೆಯ ಮೇಲೆ ನಾನು ಕಂಡಷ್ಟನ್ನು ಮೂರು ವರ್ಷದ ಪ್ರಯೋಗಾಲಯದಲ್ಲಿ ಕಂಡಿರಲಿಲ್ಲ. ತಣ್ಣನೆಯ ಬೆಳಿಗ್ಗೆ ಮಾಳಿಗೆಯಂಚಿನ ಕಟಾಂಜನದ ಮೇಲೆ ಓತಿಕ್ಯಾತವೊಂದು ಕಪ್ಪಗೆ ಕೂತಿರುತ್ತಿತ್ತು, ಬಿಸಿಲಿಗೆ ಮೈಯೊಡ್ಡಿ. ಬಿಸಿಲು ಏರಿದ ಹಾಗೆ ಅದರ ಮೈ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು. ಬೇಕಾದಾಗ ಕಪ್ಪಾಗಿ ಬಿಸಿಲು ಕುಡಿಯುವುದು, ಸಾಕಾದಾಗ ಬೆಳ್ಳಗಾಗಿ ಅದನ್ನು ತಳ್ಳುವುದು. ಅವ್ವ ಅದನ್ನು ನೋಡಿ, "ಇದಕ್ಕ ಯಾವ ಡಾಕ್ಟರಮ್ಮ ಹೇಳಿಕೊಟ್ಟಳು?" ಅಂದಳು. ಊರಾಚೆ ಸೂರ್ಯಕಾಂತಿ ಹೊಲಗಳು ಹೂಬಿಟ್ಟಾಗ ನಾನು ಪುಸ್ತಕದಲ್ಲಿ ಓದಿದ್ದನ್ನು ಅವಳಿಗೆ ಹೇಳಿದೆ: ಆ ಎಸಳು ನಮಗೆ ತುದಿಯಿಂದ ಬುಡದವರೆಗೆ ಒಂದೇ ಹಳದಿ, ಜೇನುನೊಣ ಮಾತ್ರ ಆ ಕಾಣದ ಕಿರಣವನ್ನು ಕಾಣುತ್ತದೆ, ಅದಕ್ಕೆ ಎಸಳಿನ ಬುಡದಲ್ಲಿ ಕಪ್ಪು ಸುತ್ತು ಕಾಣುತ್ತದೆ, ಜೇನು ಎಲ್ಲಿದೆ ಎಂದು ತೋರಿಸುವ ಗುರುತು.

ಅವ್ವ ಹೊಲದ ಕಡೆ ನೋಡಿದಳು. "ಹಂಗಾರ ನಾವು ಅರ್ಧ ಕುರುಡರು," ಅಂದಳು.

ಆದರೆ ಬಣ್ಣ ಬರಲಿಲ್ಲ. ಬಿಳುಪಿನ ಸುತ್ತಲಿನ ಚರ್ಮ ಬಿಸಿಲಿಗೆ ಇನ್ನೂ ಕಪ್ಪಾಗಿ, ಬಿಳುಪು ಮೊದಲಿಗಿಂತ ಎದ್ದು ಕಾಣತೊಡಗಿತು. ಶ್ರಾವಣದಲ್ಲಿ ಮೋಡ ಕವಿದು ವಾರಗಟ್ಟಲೆ ಗುಳಿಗೆ ನಿಲ್ಲಿಸಬೇಕಾಯಿತು. ಗಣಪತಿ ಹಬ್ಬದ ಮುಂಚೆ ಒಂದು ದಿನ ಅವ್ವ ಕನ್ನಡಕ ತೆಗೆದು ಗೂಡಿನಲ್ಲಿಟ್ಟು, "ಸಾಕು ಬಿಡು. ಬಿಸಿಲಿಗೆ ನನ್ನ ಮ್ಯಾಲ ಮನಸ್ಸಿಲ್ಲ," ಅಂದಳು. ನಾನು ಎಷ್ಟು ಹೇಳಿದರೂ ಏಳಲಿಲ್ಲ. ಮರುದಿನ ಅಪ್ಪನ ಒತ್ತಾಯಕ್ಕೆ ಗುಳಿಗೆ ನುಂಗಿದರೂ ಒಳಗೇ ಕೂತಳು. ಮಧ್ಯಾಹ್ನ ಗಿರಾಕಿಗಳಿರುವಾಗಲೇ ಅಪ್ಪ ಬಡಿಸುವುದನ್ನು ನನಗೆ ಒಪ್ಪಿಸಿ, ಆ ಕನ್ನಡಕ ತಂದು, ತನ್ನ ಅಂಗಿಯ ತುದಿಯಿಂದ ಒರೆಸಿ, ತಾನೇ ಅವಳ ಕಣ್ಣಿಗೆ ಏರಿಸಿದ.

"ಏಳು. ನಾನು ಬರ್ತೀನಿ," ಅಂದ. ಇಬ್ಬರೂ ಮಾಳಿಗೆ ಹತ್ತಿದರು. ಅಂದಿನಿಂದ ಗಡಿಯಾರ ಹಿಡಿದು ಕೂರುವ ಕೆಲಸ ಅವನದಾಯಿತು.

ದಸರೆಯ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಯಿತು. ಒಂದು ದಿನ ಮಾಳಿಗೆಯಿಂದ ಅಪ್ಪ ನನ್ನನ್ನು ಕೂಗಿದ ರೀತಿಗೆ ಹೆದರಿ, ಕೈಯಲ್ಲಿದ್ದ ಸೌಟು ಹಿಡಿದೇ ಓಡಿದೆ. ಅಪ್ಪ ಅವ್ವನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡುತ್ತಿದ್ದ. "ನಿನ್ನ ಕಣ್ಣು ಸಣ್ಣವು, ನೋಡು. ನನಗಷ್ಟ ಕಾಣಾಕತ್ತೈತೋ, ಖರೇನ ಐತೋ?"

ಮೊಣಕೈ ಕೆಳಗಿನ ದೊಡ್ಡ ಬಿಳುಪಿನ ನಡುವೆ, ಎಳ್ಳು ಉದುರಿಸಿದಂತೆ, ಕಂದು ಚುಕ್ಕೆಗಳು. ನಾನು ಒದ್ದೆ ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ. ಕಣ್ಣಿನ ಪಕ್ಕದ ಬಿಳುಪು ನೋಡಿದೆ. ಅಲ್ಲೂ ಇದ್ದವು, ಇನ್ನೂ ಸಣ್ಣವು. ಅವ್ವ ಕನ್ನಡಕದ ಹಿಂದೆ ಏನು ಮಾಡುತ್ತಿದ್ದಾಳೆ ಎಂದು ಕಾಣುತ್ತಿರಲಿಲ್ಲ. ಗಲ್ಲದ ಮೇಲೆ ನೀರು ಇಳಿದಾಗ ತಿಳಿಯಿತು.

ಡಾಕ್ಟರಮ್ಮ ಭೂತಗನ್ನಡಿ ಕೊಟ್ಟು ನನಗೆ ನೋಡಲು ಹೇಳಿದರು. ಪ್ರತಿ ಚುಕ್ಕೆಯ ನಟ್ಟನಡುವೆ ಒಂದು ಕೂದಲು. ಒಂದೂ ತಪ್ಪಿಲ್ಲದೆ. "ಚರ್ಮದ ಮ್ಯಾಲಿನ ಬಣ್ಣ ಹೋದ್ರೂ ಕೂದಲ ಬುಡದಾಗ ಬಣ್ಣ ಮಾಡೋ ಕಣ ಒಂದಿಷ್ಟು ಉಳದಿರ್ತಾವ್ರಿ," ಅಂದರು. "ಬಿಸಿಲು ಎಬ್ಬಿಸಿದ್ರ ಅವು ಏಳ್ತಾವ. ಕೂದಲ ಗುಂಟ ಮ್ಯಾಲ ಹತ್ತಿ ಬಂದು ಸುತ್ತ ಹರಡ್ತಾವ. ಒಂದು ಚುಕ್ಕಿ ಇನ್ನೊಂದಕ್ಕ ಕೂಡಿದ್ರ ಮುಗೀತು."

ಅವ್ವ ಭೂತಗನ್ನಡಿ ಇಸಿದುಕೊಂಡು ತಾನೇ ನೋಡಿದಳು. ಅದನ್ನು ಕೆಳಗಿಡಲು ಅವಳಿಗೆ ಮನಸ್ಸೇ ಬರಲಿಲ್ಲ. "ಅಂದ್ರ ನನ್ನ ಬಣ್ಣ ಎಲ್ಲಿಗೂ ಹೋಗಿರಲಿಲ್ಲ," ಅಂದಳು. "ಅಡಗಿಕೊಂಡು ಕುಂತಿತ್ತು."

ಆಮೇಲೆ ಡಾಕ್ಟರಮ್ಮ ಬೆರಳುಗಳನ್ನು ಹಿಡಿದು ನಿಜ ಹೇಳಿದರು. ಮುಖ ತುಂಬಬಹುದು, ಮೊಣಕೈ ತುಂಬಬಹುದು. ಬೆರಳ ತುದಿಯಲ್ಲಿ ಕೂದಲಿಲ್ಲ. ಅಲ್ಲಿ ಬಣ್ಣಕ್ಕೆ ಅಡಗಿ ಕೂರಲು ಜಾಗವೇ ಇಲ್ಲ. ಅದು ಹೆಚ್ಚುಕಮ್ಮಿ ಹೀಗೇ ಉಳಿಯುತ್ತದೆ.

ರೈಲಿನಲ್ಲಿ ಅವ್ವ ತನ್ನ ಬೆರಳುಗಳನ್ನು ಮಡಿಚಿ ಬಿಡಿಸಿ ನೋಡಿಕೊಳ್ಳುತ್ತಾ ಕೂತಿದ್ದಳು. ಕೊಟ್ಟೂರು ಇನ್ನೇನು ಬಂತು ಎನ್ನುವಾಗ ಅಪ್ಪನಿಗೆ, "ನಾಳಿಂದ ಒಲಿ ಮುಂದ ಇಡ್ರಿ," ಅಂದಳು.

"ಮಂದಿ..." ಅಂದ ಅಪ್ಪ.

"ಬರೋರು ಬರ್ಲಿ, ಬಿಡೋರು ಬಿಡ್ಲಿ. ಬಿಸಿಲು ತನ್ನ ಕೈಲಾದದ್ದು ಮಾಡೇತಿ. ನಾವೂ ನಮ್ಮ ಕೈಲಾದದ್ದು ಮಾಡೂನು."

ಅಪ್ಪ ಒಲೆ ಮುಂದೆ ತಂದ. ಬ್ಯಾಂಕಿನವರು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಬೇರೆ ಬೇರೆಯವರು ಬಂದರು, ಕೆಲವರು ಅವ್ವನ ಬೆರಳು ನೋಡಿ ಎದ್ದುಹೋದರು, ಕೆಲವರು ನೋಡಿಯೂ ಇನ್ನೊಂದು ರೊಟ್ಟಿ ಕೇಳಿದರು. ಕೇಳಿದವರಿಗೆ ಅವ್ವ ಅದೇನೆಂದು ಬಿಡಿಸಿ ಹೇಳುತ್ತಿದ್ದಳು, ಕೂದಲ ಬುಡದ ಸಂಗತಿಯನ್ನೂ ಸೇರಿಸಿ. ಸಂಕ್ರಾಂತಿ ದಾಟುವ ಹೊತ್ತಿಗೆ ಅವಳ ಕಣ್ಣಿನ ಪಕ್ಕದ ಬಿಳುಪು ಮುಚ್ಚಿಹೋಯಿತು. ಕೈ ಮೇಲಿನ ಚುಕ್ಕೆಗಳು ಒಂದನ್ನೊಂದು ಮುಟ್ಟುತ್ತಾ ಬಂದವು.

ಅದಕ್ಕೂ ಮೊದಲು, ಕಾರ್ತಿಕದ ಚಳಿಯಲ್ಲಿ, ಗೌರಿ ಕರು ಹಾಕಿತು. ಹೆಣ್ಣುಗರು. ಹುಟ್ಟಿದ ಬೆಳಿಗ್ಗೆಯೇ ಕೊಟ್ರಮ್ಮ ನಮ್ಮ ಹಿತ್ತಿಲಿಗೆ ಓಡಿಬಂದಳು, ಮುಖದಲ್ಲಿ ಅರ್ಧ ಸಂತೋಷ, ಅರ್ಧ ಗಾಬರಿ. "ಅಕ್ಕ, ಪೂರಾ ಬೆಳ್ಳಗ ಐತಿ ಅದು. ಹಣಿ ಮ್ಯಾಲ ಒಂದು ಕಪ್ಪು ಬಟ್ಟು ಬಿಟ್ರ ಎಲ್ಲಾ ಬಿಳಿದ. ಬಿಸಿಲಿಗೆ ಹ್ಯಾಂಗ ಬಿಡ್ಲಿ ಅದನ್ನ?" ಅವಳು ಕರುವನ್ನು ತಗಡಿನ ಚಪ್ಪರದ ಮೂಲೆಯಲ್ಲಿ ಗೋಣಿತಟ್ಟಿನ ಪರದೆ ಕಟ್ಟಿ ಮುಚ್ಚಿಟ್ಟಿದ್ದಳು.

ಅವ್ವ ಕೈ ತೊಳೆದುಕೊಂಡು ಹೋದಳು. ನಾನೂ ಹೋದೆ. ಪರದೆ ಸರಿಸಿದರೆ ಒಳಗೆ ಆ ಎಳೆಗರು, ಮೈ ಇನ್ನೂ ಪೂರ್ತಿ ಆರದೆ, ಚಳಿಗೆ ಗಡಗಡ ನಡುಗುತ್ತಿತ್ತು. ಅವ್ವ ಹೊರಗೆ ಬಂದು ಹಿತ್ತಿಲ ನಡುವೆ ನಿಂತಳು. ಆಕಾಶ ನೋಡಿದಳು, ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ತನ್ನ ನೆರಳು ನೋಡಿದಳು. ಅಂಗೈ ಚಾಚಿ, ಬೆರಳುಗಳನ್ನು ಬಿಸಿಲಿಗೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದಳು, ಸಾರಿನ ಉಪ್ಪು ನೋಡುವವರ ಹಾಗೆ.

"ಗೌರಿಗೆ ಆದದ್ದು ಬೇಲಿ ಸೊಪ್ಪಿನ ವಿಷದಿಂದ. ಕರು ಏನು ತಿಂದೈತಿ? ತರ್ರಿ ಹೊರಗ," ಅಂದಳು. "ಇದು ಎಳಿ ಬಿಸಿಲು. ಇದು ಬೇಕು ಅದಕ್ಕ."

ಕೊಟ್ರಮ್ಮ ಅನುಮಾನಿಸುತ್ತಲೇ ಕರುವನ್ನು ಎತ್ತಿ ತಂದು ಬಿಸಿಲಿಗೆ ಇಳಿಸಿದಳು. ಅದು ಒಮ್ಮೆ ಮುಗ್ಗರಿಸಿತು, ಮುಂಗಾಲು ಅಗಲಿಸಿ ನಿಂತಿತು. ಅದರ ಬೆನ್ನಿನಿಂದ ಸಣ್ಣಗೆ ಹಬೆ ಏಳತೊಡಗಿತು. ಅವ್ವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಳಿಯ ಬೆರಳುಗಳನ್ನು ಆ ಬಿಳಿಯ ಬೆನ್ನಿನ ಮೇಲಿಟ್ಟಳು. ನಡುಕ ಕೈಗೆ ತಾಗುತ್ತಿತ್ತೇನೋ, ಅವಳು ಉಸಿರು ಹಿಡಿದು ಕಾಯುತ್ತಿದ್ದಳು. ನಿಧಾನಕ್ಕೆ, ಬಹಳ ನಿಧಾನಕ್ಕೆ, ಕರುವಿನ ನಡುಕ ನಿಂತಿತು.